ಬಂಡೆಗೆ ಕಿವಿಗೊಟ್ಟವರು: ಗೌರಿಬಿದನೂರು ಭೂಕಂಪ ವ್ಯೂಹದ ಅರವತ್ತು ವರ್ಷ

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದ ಊರು ತಡರಾತ್ರಿ ಮಲಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಇನ್ನು ನಾಲ್ಕು ನಿಮಿಷ ಇರುವಾಗ ನೆಲ ಅಲುಗಿತು. ಗಡಿಯಾಚೆಯ ಕಿಲ್ಲಾರಿ ನಮ್ಮ ಆಳಂದದಿಂದ ನೇರ ಗೆರೆ ಎಳೆದರೆ ಉತ್ತರಕ್ಕೆ ಸುಮಾರು 55 ಕಿ.ಮೀ. ಅಷ್ಟೆ. ಅಲ್ಲಿಯ ಮನೆಗಳೂ ನಮ್ಮ ಸರಸಂಬಾದ ಮನೆಗಳಂಥವೇ: ಕಲ್ಲು-ಮಣ್ಣಿನ ಗೋಡೆ, ಮೇಲೆ ದಪ್ಪ ಮಣ್ಣು ಹೊತ್ತ ಮಾಳಿಗೆ. ಆ ಮಾಳಿಗೆಗಳೇ ಮಲಗಿದ್ದವರ ಮೇಲೆ ಕುಸಿದು ಹತ್ತು ಸಾವಿರದಷ್ಟು ಜನ ಹೋದರು. ನಮ್ಮೂರ ಕಟ್ಟೆಯ ಮೇಲೆ ಒಂದು ವಾದ ಇವತ್ತಿಗೂ ಮುಗಿದಿಲ್ಲ. ಅಂದು ಮೊದಲು ಬಂದದ್ದು ಸದ್ದೋ, ಅಲುಗಾಟವೋ?

ಅದೇ ಕಂಪನ ಒಂದು ನಿಮಿಷ ಚಿಲ್ಲರೆ ಸೆಕೆಂಡಿನಲ್ಲಿ ದಕ್ಷಿಣಕ್ಕೆ ಐನೂರು ಕಿ.ಮೀ. ಓಡಿ ಗೌರಿಬಿದನೂರಿನ ಬಂಡೆಗಳನ್ನು ಮುಟ್ಟಿತು. ಅಲ್ಲಿ ನೆಲದೊಳಗೆ ಇಪ್ಪತ್ತು ಭೂಕಂಪಮಾಪಕಗಳು ಮೂರು ದಶಕಗಳಿಂದ ಕಾದು ಕುಳಿತಿದ್ದವು. ಹಾಗೆ ನೋಡಿದರೆ ಅವನ್ನು ಅಲ್ಲಿ ಇಟ್ಟದ್ದು ಕಿಲ್ಲಾರಿಯಂಥ ದುರಂತಕ್ಕಾಗಿ ಅಲ್ಲ. ಸಾವಿರಾರು ಕಿ.ಮೀ. ಆಚೆ ಯಾರೋ ಗುಟ್ಟಾಗಿ ಹಾರಿಸುವ ಅಣುಬಾಂಬಿನ ಸುಳಿವು ಹಿಡಿಯಲು. ಒಂದು ಕೆಲಸಕ್ಕೆಂದು ಹುಟ್ಟಿದ ಸಂಸ್ಥೆ ಬೇರೆ ಹತ್ತು ಕೆಲಸ ಕಲಿತ ಕಥೆ ಇದು. 1965ರಲ್ಲಿ ಶುರುವಾದ ಕೇಂದ್ರಕ್ಕೆ ಅರವತ್ತು ತುಂಬಿದ ಹೊತ್ತಿನಲ್ಲಿ ಆ ಕಥೆಯನ್ನು ಸ್ವಲ್ಪ ಹಿಂದಿನಿಂದ, ಅಂದರೆ ನೆಲಕ್ಕಿಂತ ಮೊದಲು ಗಾಳಿಯಿಂದ, ಹೇಳಬೇಕು.

ಗಾಳಿಯ ಕಾಲ: 1883–1963

1883ರ ಆಗಸ್ಟ್ 27ರಂದು ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಆ ಸಿಡಿತಕ್ಕೆ ಎದ್ದ ಒತ್ತಡದ ಅಲೆ ಭೂಮಿಯನ್ನೇ ಸುತ್ತು ಹಾಕಿತು, ಒಂದಲ್ಲ ಹಲವು ಸಲ. ಮುಂಬೈ, ಕಲ್ಕತ್ತಾ ಮೊದಲಾಗಿ ಲೋಕದ ನಾನಾ ಕಡೆಯ ಬ್ಯಾರೋಮೀಟರುಗಳಲ್ಲಿ ಅದರ ಗೆರೆ ಮೂಡಿತ್ತು. ಹವಾಮಾನ ನೋಡಲು ಇಟ್ಟಿದ್ದ ಉಪಕರಣ ಸಾವಿರಾರು ಮೈಲಿಯಾಚೆಯ ಸ್ಫೋಟದ ಸಾಕ್ಷಿಯಾಗಿಬಿಟ್ಟಿತು. 1908ರಲ್ಲಿ ಸೈಬೀರಿಯಾದ ತುಂಗುಸ್ಕಾದ ಮೇಲೆ ಆಕಾಶದಿಂದ ಬಂದ ಕಾಯ ಸಿಡಿದಾಗಲೂ ಇಂಗ್ಲೆಂಡಿನ ಸೂಕ್ಷ್ಮ ಒತ್ತಡಮಾಪಕಗಳಲ್ಲಿ ಸಣ್ಣ ಏರಿಳಿತ ದಾಖಲಾಗಿತ್ತು. ಅದು ಏನೆಂದು ತಿಳಿಯಲು ಮಾತ್ರ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇದರ ಗುಟ್ಟು ಜಾತ್ರೆಗೆ ಹೋದವರಿಗೆಲ್ಲ ಗೊತ್ತಿರುವಂಥದ್ದೇ. ಊರ ಹೊರಗೆ ದೂರದಲ್ಲಿ ನಿಂತರೆ ಶಹನಾಯಿ ಕೇಳುವುದಿಲ್ಲ, ಡೊಳ್ಳಿನ ಸದ್ದು ಮಾತ್ರ ಬರುತ್ತದೆ. ಎತ್ತರದ ಸ್ವರ ದಾರಿಯಲ್ಲೇ ಕರಗಿಹೋಗುತ್ತದೆ, ತಗ್ಗಿನ ಸ್ವರ ದೂರ ನಡೆಯುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ಇಪ್ಪತ್ತು ಕಂಪನಗಳ ಕೆಳಗಿನದನ್ನು ಕೇಳಲಾರದು. ಅದಕ್ಕೂ ಎಷ್ಟೋ ತಗ್ಗಿನ ಸದ್ದು ಖಂಡಗಳನ್ನೇ ದಾಟುತ್ತದೆ. ದೊಡ್ಡ ಬಾಂಬು ಹುಟ್ಟಿಸುವುದು ಇಂಥ ಸದ್ದನ್ನೇ. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ನೊವಾಯಾ ಜೆಮ್ಲ್ಯಾದ ಮೇಲೆ 50 ಮೆಗಾಟನ್ನಿನ ಬಾಂಬು ಹಾರಿಸಿದಾಗ ಗಾಳಿಯ ಅಲೆ ಭೂಮಿಯನ್ನು ಮತ್ತೆ ಮತ್ತೆ ಸುತ್ತಿತು. ಅದನ್ನು ಮುಚ್ಚಿಡುವುದು ಯಾರ ಕೈಯಲ್ಲೂ ಇರಲಿಲ್ಲ.

ಆದರೂ ಗಾಳಿ ನಂಬಿಕಸ್ಥ ಸಾಕ್ಷಿ ಅಲ್ಲ. ಮೇಲಿನ ಗಾಳಿಯ ದಿಕ್ಕು ಋತುವಿಗೊಮ್ಮೆ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಸದ್ದು ಒಂದು ಕಡೆ ಜೋರಾಗಿ ಇನ್ನೊಂದು ಕಡೆ ಕ್ಷೀಣವಾಗಿ ಹೋಗುತ್ತದೆ. ಮಾಪಕದ ಪಕ್ಕದಲ್ಲೇ ಬೀಸುವ ಸಾಧಾರಣ ಗಾಳಿಯ ಗದ್ದಲ ಬೇರೆ. ಅದನ್ನು ಅಡಗಿಸಲು ಸಾಲು ತೂತುಗಳಿರುವ ಉದ್ದನೆಯ ಕೊಳವೆ ಹಾಸಿ, ಎಲ್ಲ ತೂತುಗಳ ಒತ್ತಡದ ಸರಾಸರಿಯನ್ನು ಮಾಪಕಕ್ಕೆ ಉಣಿಸುವ ಉಪಾಯ ಮಾಡಿದರು. ಒಂದೇ ಮಾಪಕದ ಬದಲು ನಾಲ್ಕಾರನ್ನು ದೂರ ದೂರ ಇಟ್ಟು, ಅಲೆ ಯಾವುದಕ್ಕೆ ಮೊದಲು ತಾಗಿತು ಎಂಬುದರಿಂದ ದಿಕ್ಕು ಲೆಕ್ಕ ಹಾಕಿದರು. ಈ ಎರಡನೆಯ ಉಪಾಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಗೌರಿಬಿದನೂರಿನ ಬುನಾದಿಯಲ್ಲಿರುವುದು ಅದೇ.

ಇತ್ತ ದೆಹಲಿಯಲ್ಲಿ ಅಣುಪರೀಕ್ಷೆ ರಾಜಕೀಯದ ವಿಷಯವಾಗಿತ್ತು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹಾರಿಸಿದ ಬಾಂಬಿನ ಬೂದಿ ಜಪಾನಿನ ಮೀನುಗಾರರ ಮೇಲೆ ಸುರಿಯಿತು. ಒಂದು ತಿಂಗಳಲ್ಲಿ, ಏಪ್ರಿಲ್ 2ರಂದು, ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ನೆಹರೂ ಲೋಕಸಭೆಯಲ್ಲಿ ಕರೆ ಕೊಟ್ಟರು. ಡಿ. ಎಸ್. ಕೊಠಾರಿಯವರು ಸರ್ಕಾರಕ್ಕಾಗಿ ಸಿದ್ಧಪಡಿಸಿದ, ಅಣುಸ್ಫೋಟಗಳ ಪರಿಣಾಮ ಕುರಿತ ಪುಸ್ತಕ 1956ರಲ್ಲಿ ಹೊರಬಂತು. ನಿಲ್ಲಿಸಿ ಎಂದು ಕೇಳುವುದು ಸುಲಭ, ನಿಲ್ಲಿಸಿದ್ದಾರೆಂದು ತಿಳಿಯುವುದು ಹೇಗೆ? 1958ರ ಬೇಸಿಗೆಯಲ್ಲಿ ಜಿನೀವಾದಲ್ಲಿ ಸೇರಿದ ಎರಡೂ ಬಣಗಳ ತಜ್ಞರು ಇದಕ್ಕೆ ಗಾಳಿಯ ಅಲೆ, ನೀರಿನ ಅಲೆ, ನೆಲದ ಅಲೆ, ರೇಡಿಯೊ ಸಂಕೇತ, ವಿಕಿರಣದ ಧೂಳು ಎಂದು ಹಲವು ದಾರಿ ತೋರಿಸಿದರು.

ಒಪ್ಪಂದದ ತೂತು: 1963–65

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದವಾಯಿತು. ಮೂರೇ ದಿನಕ್ಕೆ ಭಾರತವೂ ಸಹಿ ಹಾಕಿತು. ಗಾಳಿ, ನೀರು, ಅಂತರಿಕ್ಷ ಮೂರರಲ್ಲೂ ಪರೀಕ್ಷೆ ಬೇಡ ಎಂದಿತು ಒಪ್ಪಂದ. ನೆಲದಡಿಯ ಮಾತು ಬಿಟ್ಟಿತು, ಏಕೆಂದರೆ ನೆಲದಡಿ ಸಿಡಿದದ್ದು ಬಾಂಬೋ ಭೂಕಂಪವೋ ಎಂದು ದೂರದಿಂದ ಹೇಳುವ ಬಗೆ ಆಗ ಯಾರಿಗೂ ಪೂರಾ ಗೊತ್ತಿರಲಿಲ್ಲ. ಗೊತ್ತಾಗದ್ದನ್ನು ನಿಷೇಧಿಸಿ ಏನು ಪ್ರಯೋಜನ ಎಂದು ಒಂದು ಬಣ, ಗೊತ್ತುಮಾಡಿಕೊಳ್ಳುವ ನೆಪದಲ್ಲಿ ನಮ್ಮ ನೆಲದಲ್ಲಿ ಬೇಹುಗಾರಿಕೆ ಬೇಡ ಎಂದು ಇನ್ನೊಂದು ಬಣ. ಹೀಗೆ ಬಾಂಬುಗಳು ನೆಲದೊಳಗೆ ಇಳಿದವು. ಅವನ್ನು ಕೇಳುವ ಕಿವಿಗಳೂ ಗಾಳಿಯಿಂದ ಬಂಡೆಗೆ ಇಳಿಯಬೇಕಾಯಿತು.

ಫ್ರಾನ್ಸ್ ಮತ್ತು ಚೀನಾ ಸಹಿ ಹಾಕಲಿಲ್ಲ. ಚೀನಾ 1964ರ ಅಕ್ಟೋಬರ್ 16ರಂದು ಲೋಪ್‌ನೋರ್‌ನಲ್ಲಿ ತನ್ನ ಮೊದಲ ಬಾಂಬು ಸಿಡಿಸಿತು. 1962ರ ಯುದ್ಧದ ನೋವು ಆರಿರದ ದೇಶಕ್ಕೆ ಇದು ದೂರದ ಸುದ್ದಿಯಾಗಿರಲಿಲ್ಲ.

ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ವಿಜ್ಞಾನಿಗಳು ಆ ಹೊತ್ತಿಗೆ ಒಂದು ಹೊಸ ಮಾದರಿಯನ್ನು ಹಿಡಿದು ಹೊರಟಿದ್ದರು: ಒಂದು ಭೂಕಂಪಮಾಪಕದ ಬದಲು ಹಲವನ್ನು ಎರಡು ಸಾಲಿನಲ್ಲಿ ಹೂಳುವ ವ್ಯೂಹ. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ, ನಮ್ಮ ಗೌರಿಬಿದನೂರು, ಎಲ್ಲವೂ ಒಂದೇ ಮಾದರಿಯ ಅಕ್ಕತಂಗಿಯರು. ಭಾರತದ ಕಡೆಯಿಂದ ಕೈಜೋಡಿಸಿದ್ದು ಹೋಮಿ ಭಾಭಾ ಕಟ್ಟಿದ ಟ್ರಾಂಬೆಯ ಅಣುಶಕ್ತಿ ಸಂಸ್ಥೆ. 1966ರ ಜನವರಿ 24ರಂದು ಆಲ್ಪ್ಸ್ ಪರ್ವತದ ಮೇಲಿನ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ಮರುವರ್ಷ ಸಂಸ್ಥೆಗೆ ಅವರ ಹೆಸರಿಟ್ಟರು. ಅಂದಿನಿಂದ ಗೌರಿಬಿದನೂರಿನ ಕೇಂದ್ರ ಭಾಭಾ ಅಣು ಸಂಶೋಧನಾ ಕೇಂದ್ರದ, ಜನರ ಬಾಯಲ್ಲಿ ಬಿಎಆರ್‌ಸಿಯ, ಕೂಸು.

ಬಂಡೆಯ ಆಯ್ಕೆ

ಮುಂಬೈನ ಸಂಸ್ಥೆ ಆಗಿನ ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿಗೆ ಬಂದದ್ದು ಏಕೆ? ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ ಇದು.

ಕಡಲ ತೆರೆಗಳು ದಡಕ್ಕೆ ಬಡಿಯುವ ಅಲುಗಾಟ ನೆಲದಲ್ಲಿ ದಿನವಿಡೀ ಹರಿಯುತ್ತಿರುತ್ತದೆ, ಆದ್ದರಿಂದ ಕಡಲು ದೂರ ಇರಬೇಕು. ನಗರ, ಕಾರ್ಖಾನೆ ದೂರ ಇರಬೇಕು. ನೆಲ ಗಟ್ಟಿ ಇರಬೇಕು. ನಮ್ಮ ಆಳಂದದ ಕಡೆ ಕಪ್ಪು ಎರೆ, ಅದರ ಕೆಳಗೆ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿದ ದಖನ್ನಿನ ಕಲ್ಲು. ಅದಕ್ಕೆ ಆರೂವರೆ ಕೋಟಿ ವರ್ಷ. ಗೌರಿಬಿದನೂರಿನ ಹೆಬ್ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು. ಬೀಸುಗಲ್ಲಿನ ಹಾಗೆ ಗಟ್ಟಿಯಾದ ಆ ನೆಲದಲ್ಲಿ ಸಣ್ಣ ಕಂಪನವೂ ಚದುರದೆ ಬರುತ್ತದೆ.

ಇನ್ನೊಂದು ಕಾರಣ ದೂರದ್ದು. ಸುಮಾರು 3,300 ಕಿ.ಮೀ.ಯಿಂದ 10,000 ಕಿ.ಮೀ.ವರೆಗಿನ ಪಟ್ಟಿಯಲ್ಲಿ ನಡೆದ ಸ್ಫೋಟದ ಅಲೆ ಭೂಗರ್ಭದ ಆಳಕ್ಕೆ ಇಳಿದು ಮೇಲೇರಿ ಬರುವಾಗ ಗೊಂದಲ ಕಡಿಮೆ. ಹತ್ತಿರವಾದರೆ ಮೇಲ್ಪದರಗಳ ಏರುಪೇರು ಅದನ್ನು ಕಲಕುತ್ತದೆ, ತೀರಾ ದೂರವಾದರೆ ಭೂಮಿಯ ತಿರುಳು ಅಡ್ಡ ಬರುತ್ತದೆ. ಗೌರಿಬಿದನೂರಿನಿಂದ ಲೋಪ್‌ನೋರ್ ಸುಮಾರು 3,300 ಕಿ.ಮೀ., ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್‌ಸ್ಕ್ ಸುಮಾರು 4,000 ಕಿ.ಮೀ. ಅಮೆರಿಕದ ನೆವಾಡ ಮಾತ್ರ ತಿರುಳಿನ ನೆರಳಿನಲ್ಲಿ ಬೀಳುತ್ತದೆ. ಸೆಮಿಪಲಾಟಿನ್‌ಸ್ಕ್‌ನಲ್ಲಿ ಬಾಂಬು ಸಿಡಿದರೆ ಬಂಡೆಯ ಮೂಲಕ ಸುದ್ದಿ ಏಳು ನಿಮಿಷಕ್ಕೆ ಬಂದು ಮುಟ್ಟುತ್ತದೆ. ಗಾಳಿಯ ಮೂಲಕ ಬರುವುದಿದ್ದರೆ ಮೂರೂವರೆ ಗಂಟೆಯ ಮೇಲೆ ಬೇಕು.

ಗೌರಿಬಿದನೂರಿನವರಿಗೆ ತಮ್ಮ ತಾಲ್ಲೂಕಿನ ಹೆಮ್ಮೆ ಬೇರೆ ಇದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ ಅಲ್ಲಿಯದು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಬದುಕಿಡೀ ಹೇಳಿದ ಎಚ್. ನರಸಿಂಹಯ್ಯನವರ ಹುಟ್ಟೂರು ಹೊಸೂರು ಅದೇ ತಾಲ್ಲೂಕು. 1976ರಲ್ಲಿ ಅಲ್ಲೇ ಒಂದು ರೇಡಿಯೊ ದೂರದರ್ಶಕವೂ ಎದ್ದು ನಿಂತು ಆಕಾಶಕ್ಕೆ ಕಿವಿಯಾಯಿತು. ಮೇಲಿನದನ್ನೂ ಕೆಳಗಿನದನ್ನೂ ಒಂದೇ ತಾಲ್ಲೂಕು ಆಲಿಸುವುದು ನಮ್ಮ ರಾಜ್ಯದಲ್ಲಿ ಬೇರೆಲ್ಲೂ ಕಾಣದು.

ಇಪ್ಪತ್ತು ಕಿವಿಗಳು: 1965–74

ಬಡಗಿಯ ಮೂಲೆಮಟ್ಟದಂತೆ ಎರಡು ತೋಳು, ಒಂದೊಂದು ತೋಳಿನಲ್ಲಿ ಹತ್ತು ಮಾಪಕ, ತೋಳಿನುದ್ದ ಸುಮಾರು 25 ಕಿ.ಮೀ. ಇದು ವ್ಯೂಹದ ನಕ್ಷೆ. ಕಟ್ಟಡ ಎಂದು ತೋರಿಸಲು ದೊಡ್ಡದೇನಿಲ್ಲ, ಹೊಲ-ಗುಡ್ಡಗಳ ನಡುವೆ ಚದುರಿದ ಗುಂಡಿಗಳು, ಎಲ್ಲ ಸಂಕೇತಗಳೂ ಬಂದು ಸೇರುವ ಒಂದು ಪ್ರಯೋಗಾಲಯ. ಸಂಸ್ಥೆಯ ಮುಖ್ಯ ಭಾಗವೆಲ್ಲ ನೆಲದಡಿ.

ಇಪ್ಪತ್ತು ಏಕೆ? ಒಂದು ಮಾಪಕದ ಬಳಿ ಎತ್ತಿನ ಗಾಡಿ ಹೋದರೆ ಅದೊಂದೇ ಅಲುಗುತ್ತದೆ. ದೂರದ ಬಾಂಬಿನ ಅಲೆಯಾದರೆ ಇಪ್ಪತ್ತಕ್ಕೂ ಒಂದರ ಹಿಂದೊಂದರಂತೆ, ಕ್ರಮವಾಗಿ, ತಾಗುತ್ತದೆ. ಆ ಕ್ರಮದ ಅಂತರವನ್ನು ಸರಿದೂಗಿಸಿ ಇಪ್ಪತ್ತೂ ಗೆರೆಗಳನ್ನು ಕೂಡಿದರೆ ಬಾಂಬಿನ ಗೆರೆ ಇಪ್ಪತ್ತು ಪಟ್ಟು ಬೆಳೆಯುತ್ತದೆ. ಗದ್ದಲ ಒಂದಕ್ಕೊಂದು ಹೊಂದದ ಕಾರಣ ನಾಲ್ಕೂವರೆ ಪಟ್ಟಷ್ಟೇ ಬೆಳೆಯುತ್ತದೆ. ಭಜನೆಯಲ್ಲಿ ಇಪ್ಪತ್ತು ಜನ ತಾಳ ಹಿಡಿದು ಹಾಡಿದರೆ ಬೀದಿಯ ಕೊನೆಗೂ ಪದ ಕೇಳುತ್ತದೆ, ಅದೇ ಇಪ್ಪತ್ತು ಜನ ತಮತಮಗೆ ತೋಚಿದ್ದು ಮಾತಾಡಿದರೆ ಬರೀ ಗದ್ದಲ. ಯಾವ ಮಾಪಕಕ್ಕೆ ಎಷ್ಟು ತಡವಾಗಿ ತಾಗಿತು ಎಂಬುದರಿಂದ ಅಲೆ ಬಂದ ದಿಕ್ಕೂ ದೂರವೂ ಅಂದಾಜಿಗೆ ಸಿಗುತ್ತವೆ. ಮೊದಮೊದಲು ಈ ಕೂಡಿಕೆಯೆಲ್ಲ ಆಯಸ್ಕಾಂತದ ಟೇಪುಗಳ ಮೇಲಿನ ದಾಖಲೆಯಿಂದ ನಡೆಯುತ್ತಿತ್ತು. ಡಿಜಿಟಲ್ ಯಂತ್ರಗಳು ಆಮೇಲೆ ಬಂದವು.

ದಿಕ್ಕು ಸಿಕ್ಕಿದರೆ ಅರ್ಧ ಕೆಲಸ. ಬಾಂಬೋ ಭೂಕಂಪವೋ ಎಂಬುದು ಮಿಕ್ಕ ಅರ್ಧ. ಬಾಂಬು ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಒಂದೇ ಸಮ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಬಿರುಕಿನುದ್ದಕ್ಕೆ ಜಾರುತ್ತದೆ, ಹಾಗಾಗಿ ಕೆಲವು ದಿಕ್ಕಿಗೆ ತಳ್ಳು, ಕೆಲವು ದಿಕ್ಕಿಗೆ ಸೆಳೆತ. ಜಾರುವ ಬಂಡೆ ನೆಲದ ಮೇಲ್ಮೈ ಗುಂಟ ಹರಿಯುವ ಉದ್ದ ಅಲೆಗಳನ್ನು ಧಾರಾಳವಾಗಿ ಎಬ್ಬಿಸುತ್ತದೆ, ಬಾಂಬು ಅಷ್ಟು ಎಬ್ಬಿಸುವುದಿಲ್ಲ. ಮೂವತ್ತು-ನಲವತ್ತು ಕಿ.ಮೀ. ಆಳದಿಂದ ಬಂದದ್ದಾದರೆ ಬಾಂಬಲ್ಲವೆಂದು ಕಣ್ಣು ಮುಚ್ಚಿ ಹೇಳಬಹುದು, ಅಷ್ಟು ಆಳದ ಬಾವಿ ತೋಡಿದವರು ಯಾರೂ ಇಲ್ಲ.

1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿತು. ಗಟ್ಟಿ ನೆಲ, ಇಲ್ಲಿ ಭೂಕಂಪವಾಗದು ಎಂದು ದಖನ್ನಿನ ಬಗ್ಗೆ ಇದ್ದ ನಂಬಿಕೆ ಅಂದು ಸಡಿಲಾಯಿತು. ಬಾಂಬಿಗೆಂದು ಇಟ್ಟ ಕಿವಿಗೆ ತನ್ನ ಮನೆಯಂಗಳದ ಸದ್ದೂ ಕೇಳತೊಡಗಿತು.

1974ರ ಮೇ 18ರ ಬೆಳಿಗ್ಗೆ 8 ಗಂಟೆ ದಾಟಿ ಐದು ನಿಮಿಷಕ್ಕೆ ಪೋಖ್ರಾನ್‌ನಲ್ಲಿ ಭಾರತವೇ ತನ್ನ ಮೊದಲ ಸ್ಫೋಟ ನಡೆಸಿತು. ನಿಷೇಧದ ಕನಸಿನಲ್ಲಿ ಹುಟ್ಟಿದ ಕೇಂದ್ರದಿಂದ 1,600 ಕಿ.ಮೀ. ದೂರದಲ್ಲಿ, ಅದರ ತಾಯಿಸಂಸ್ಥೆಯ ಕೈಯಿಂದಲೇ! ಇದನ್ನು ವಿರೋಧಾಭಾಸ ಎನ್ನುವವರಿದ್ದಾರೆ. ಕೇಳುವವನು ಕೇಳುವುದನ್ನಷ್ಟೇ ಮಾಡಬೇಕು ಎನ್ನುವವರೂ ಇದ್ದಾರೆ. ಉಪಕರಣಕ್ಕಂತೂ ಆ ಭೇದವಿಲ್ಲ.

ಗಣಿಯ ಪಾಠ

ಕೇಂದ್ರದಿಂದ ಆಗ್ನೇಯಕ್ಕೆ ನೂರ ಹದಿನೈದು ಕಿ.ಮೀ. ಆಸುಪಾಸಿನಲ್ಲಿ ಕೋಲಾರ ಚಿನ್ನದ ಗಣಿ. ಮೂರು ಕಿ.ಮೀ.ಗೂ ಆಳಕ್ಕೆ ಇಳಿದ ಸುರಂಗಗಳ ಸುತ್ತಲಿನ ಬಂಡೆ ಭಾರ ತಾಳದೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ಶತಮಾನದ ಹಿಂದೆ ಗಣಿಯವರು ಅದಕ್ಕೆ ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಸಿಡಿದದ್ದು ಬಂಡೆಯಾದರೂ ಸುರಂಗದಲ್ಲಿ ಕೂಲಿಯವರ ಮೈಗೆ ಬಡಿಯುತ್ತಿದ್ದುದು ಗಾಳಿ. ಹೆಸರು ಇಟ್ಟವರು ಅನುಭವದಿಂದಲೇ ಇಟ್ಟಿದ್ದರು.

ಗಣಿಗೆ ಕೇಡಾದದ್ದು ವ್ಯೂಹಕ್ಕೆ ಪಾಠವಾಯಿತು. ಸಿಡಿತದ ಜಾಗ ಗೊತ್ತಿರುವುದರಿಂದ ಅಲೆ ನಡುವಿನ ನೆಲವನ್ನು ಎಷ್ಟು ವೇಗದಲ್ಲಿ ದಾಟಿತು ಎಂದು ಲೆಕ್ಕ ಹಾಕಬಹುದು. ಬಿಎಆರ್‌ಸಿಯ ಎಸ್. ಕೆ. ಅರೋರಾ ಗೌರಿಬಿದನೂರಿನ ಸುತ್ತಲಿನ ಭೂಚಿಪ್ಪಿನ ರಚನೆ ಕುರಿತು 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಈ ಬಂಡೆಸಿಡಿತಗಳೇ ಆಧಾರ. ಕರ್ನಾಟಕದ ಕಾಲಡಿ ಏನಿದೆ ಎಂಬ ತಿಳಿವಳಿಕೆಯಲ್ಲಿ ಒಂದು ಪಾಲು ಹೀಗೆ ಬಾಂಬು ಹುಡುಕಲು ಹೊರಟವರಿಂದ, ಗಣಿಯಲ್ಲಿ ಜೀವ ಕೈಯಲ್ಲಿ ಹಿಡಿದು ದುಡಿದವರ ನೆಲದಿಂದ ಬಂತು. ಮುಂದೆ ಬಿಎಆರ್‌ಸಿಯವರ ನೆರವಿನಿಂದ ಗಣಿಯಲ್ಲೇ ಬಂಡೆಸಿಡಿತ ಗಮನಿಸುವ ಮಾಪಕಗಳ ಜಾಲವೂ ನಿಂತಿತು. 2001ರಲ್ಲಿ ಗಣಿ ಮುಚ್ಚಿತು.

ಜಿನೀವಾ, ಪೋಖ್ರಾನ್, ಚಾಗೈ: 1976–98

1976ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಭೆ ಭೂಕಂಪ ತಜ್ಞರ ಗುಂಪೊಂದನ್ನು ರಚಿಸಿತು. ಲೋಕದ ಕೇಂದ್ರಗಳೆಲ್ಲ ದಾಖಲೆ ಹಂಚಿಕೊಂಡರೆ ಯಾರೂ ಗುಟ್ಟಾಗಿ ಬಾಂಬು ಹಾರಿಸಲಾಗದು ಎಂಬುದು ಅದರ ಎಣಿಕೆ. ಇಪ್ಪತ್ತು ವರ್ಷದ ಆ ಕೆಲಸ 1996ರ ಸಮಗ್ರ ನಿಷೇಧ ಒಪ್ಪಂದದಲ್ಲಿ ಬಂದು ನಿಂತಿತು. ಒಪ್ಪಂದದ ಕಾವಲು ಜಾಲಕ್ಕೆ ಗೊತ್ತುಪಡಿಸಿದ್ದು 321 ಕೇಂದ್ರ: ಭೂಕಂಪಕ್ಕೆ 170, ವಿಕಿರಣಕ್ಕೆ 80, ಗಾಳಿಯ ತಗ್ಗಿನ ಸದ್ದಿಗೆ 60, ನೀರಿನದಕ್ಕೆ 11. ಎಲ್ಲರೂ ಮರೆತಂತಿದ್ದ ಗಾಳಿಯ ವಿದ್ಯೆ ಹೀಗೆ ಮತ್ತೆ ತಲೆ ಎತ್ತಿತು.

ಆ ಜಾಲದಲ್ಲಿ ಗೌರಿಬಿದನೂರು ಇಲ್ಲ. ಬಾಂಬು ಇರುವವರಿಗೆ ಇಟ್ಟುಕೊಳ್ಳಲು ಬಿಟ್ಟು ಇಲ್ಲದವರಿಗೆ ಬೇಡ ಎನ್ನುವ ಒಪ್ಪಂದಕ್ಕೆ ಸಹಿ ಹಾಕಲಾರೆವೆಂದು 1996ರ ಜೂನ್‌ನಲ್ಲಿ ಜಿನೀವಾದಲ್ಲಿ ಭಾರತದ ರಾಯಭಾರಿ ಅರುಂಧತಿ ಘೋಷ್ ಹೇಳಿದರು. ಪರೀಕ್ಷೆ ನಿಲ್ಲಲಿ ಎಂದು 1954ರಲ್ಲಿ ಮೊದಲು ಕೂಗಿದ ದೇಶವೇ ಹೊರಗುಳಿಯಿತು. ಅದರ ಸರಿತಪ್ಪು ಬೇರೆಯವರು ಬರೆಯಲಿ. ಕೇಂದ್ರದ ಮಟ್ಟಿಗೆ ಕೆಲಸ ನಿಲ್ಲಲಿಲ್ಲ, ಜೊತೆಗಾರರು ಕಡಿಮೆಯಾದರು.

1998ರ ಮೇ 11ರ ಮಧ್ಯಾಹ್ನ ಪೋಖ್ರಾನ್‌ನಲ್ಲಿ ಏಕಕಾಲಕ್ಕೆ ಮೂರು ಸ್ಫೋಟ, 13ರಂದು ಇನ್ನೆರಡು ಸಣ್ಣವು. ಮೇ 28 ಮತ್ತು 30ರಂದು ಪಾಕಿಸ್ತಾನದ ಸರದಿ. ಚಾಗೈ ಗೌರಿಬಿದನೂರಿನಿಂದ 2,100 ಕಿ.ಮೀ. ಮೂವತ್ತಮೂರು ವರ್ಷ ಕಾದಿದ್ದ ಕಿವಿಗೆ ಒಂದೇ ತಿಂಗಳಲ್ಲಿ ಎರಡೂ ಕಡೆಯ ಸದ್ದು.

ಬಾಂಬಿನ ತೂಕದ ಬಗ್ಗೆ ಆಗ ಎದ್ದ ಚರ್ಚೆಯನ್ನು ಇಲ್ಲಿ ಕೆದಕುವುದಿಲ್ಲ, ಆದರೆ ಮರೆಮಾಚುವುದೂ ಸರಿಯಲ್ಲ. ಮೇ 11ರದ್ದು 60 ಕಿಲೋಟನ್ ಆಸುಪಾಸು ಎಂದು ನಮ್ಮವರು ಹೇಳಿದರೆ, ಹೊರದೇಶದ ಹಲವರು ಅದರ ಅರ್ಧಕ್ಕೂ ಕಡಿಮೆ ಎಂದರು. ಸಿಕ್ಕಾ, ರಾಯ್, ನಾಯರ್ ಮೊದಲಾದ ಬಿಎಆರ್‌ಸಿ ವಿಜ್ಞಾನಿಗಳು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದು ಉತ್ತರ ಕೊಟ್ಟರು. ಒಂದು ಕಿ.ಮೀ. ಅಂತರದಲ್ಲಿ ಒಟ್ಟಿಗೆ ಸಿಡಿದ ಎರಡು ಬಾಂಬುಗಳ ಅಲೆಗಳು ಕೆಲವು ದಿಕ್ಕಿನಲ್ಲಿ ಒಂದನ್ನೊಂದು ತಗ್ಗಿಸಿಕೊಳ್ಳುತ್ತವೆ, ಆ ದಿಕ್ಕಿನ ಕೇಂದ್ರಗಳಿಗೆ ಸ್ಫೋಟ ಚಿಕ್ಕದಾಗಿ ಕಾಣುತ್ತದೆ ಎಂಬುದು ಅವರ ವಾದ. ಒಪ್ಪಿದವರು, ಒಪ್ಪದವರು ಇಬ್ಬರೂ ದೇಶದೊಳಗೇ ಇದ್ದಾರೆ.

ಆಮೇಲೆ

ಕಳೆದ ಇಪ್ಪತ್ತೈದು ವರ್ಷ ಬಾಂಬಿನ ಲೆಕ್ಕದಲ್ಲಿ ಸಪ್ಪೆ ಎನ್ನಬಹುದು. 2006ರಿಂದ 2017ರ ನಡುವೆ ಉತ್ತರ ಕೊರಿಯಾದ ಆರು ಪರೀಕ್ಷೆ, ಅಷ್ಟೆ. ಗೌರಿಬಿದನೂರು ತಾಲ್ಲೂಕು 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು.

ಬದಲಾದದ್ದು ಜನರ ಪ್ರಶ್ನೆ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿಗಳು ಅಲುಗಾಡಿದವು, ನಗರಕ್ಕೆ ನಗರವೇ ಭೂಕಂಪ ಎಂದಿತು. ಭೂಕಂಪಮಾಪಕಗಳಲ್ಲಿ ಏನೂ ಇಲ್ಲವೆಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಶಬ್ದವನ್ನು ಮೀರಿ ಹಾರಿದ ವಾಯುಪಡೆಯ ವಿಮಾನದ ಒತ್ತಡದಲೆ ಅದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸ್ಫೋಟಕ ಸಿಡಿದಾಗಲೂ ಜನ ಭೂಕಂಪವೆಂದೇ ಬೀದಿಗೆ ಓಡಿಬಂದರು. 2022ರ ಜನವರಿ 15ರಂದು ಪೆಸಿಫಿಕ್ ಸಾಗರದ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿದು, ಅದರ ಗಾಳಿಯ ಅಲೆ ಅದೇ ರಾತ್ರಿ ದಕ್ಷಿಣ ಭಾರತದ ಬ್ಯಾರೋಮೀಟರುಗಳನ್ನು ಹಾಯ್ದು ಹೋಯಿತು. ಆಗ ಮಾತ್ರ ಯಾರಿಗೂ ಏನೂ ಗೊತ್ತಾಗಲಿಲ್ಲ. ಸದ್ದಾದದ್ದನ್ನೆಲ್ಲ ನೆಲದ ಮೇಲೆ ಹೊರಿಸುತ್ತೇವೆ, ಸದ್ದಿಲ್ಲದ್ದು ನಮ್ಮ ಪಾಲಿಗೆ ನಡೆದೇ ಇಲ್ಲ.

ಕಲಬುರಗಿ ಜಿಲ್ಲೆಯವರಿಗೆ ಈ ಭೇದ ತಮಾಷೆಯ ವಿಷಯವಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ದಿನಗಟ್ಟಲೆ ಸಣ್ಣ ಕಂಪನಗಳಾದವು. ನೆಲದೊಳಗಿಂದ ಗುಡುಗಿದಂತೆ ಸದ್ದು ಬರುತ್ತದೆ ಎಂದು ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಕೆಲವರು ಊರನ್ನೇ ಬಿಟ್ಟರು. ಅವರು ಕೇಳಿದ್ದು ಸುಳ್ಳಲ್ಲ. ಬಂಡೆ ಒಡೆದಾಗ ಮೊದಲು ಹೊರಡುವ ಅಲೆ ನೆಲದ ಮೇಲ್ಮೈಗೆ ಬಂದು ಗಾಳಿಯನ್ನು ತಳ್ಳುತ್ತದೆ, ಕಿವಿಗೆ ಅದು ಗುಡುಗು. ಅಡ್ಡಡ್ಡ ಅಲುಗಿಸಿ ಗೋಡೆ ಕೆಡಹುವ ಅಲೆ ಹಿಂದಿನಿಂದ ಬರುತ್ತದೆ.

ಸರಸಂಬಾದ ಕಟ್ಟೆಯ ಮೇಲೆ ನಾನು ಇದನ್ನು ಹೇಳಿ ನೋಡಿದೆ: ಸದ್ದು ಮೊದಲು, ಅಲುಗಾಟ ಆಮೇಲೆ. ಹಿರಿಯರೊಬ್ಬರು ಕೇಳಿಸಿಕೊಂಡು, ‘ಸದ್ದು ನಾಯಿಗೋಳಿಗೆ ನಮಗಿಂತ ಮೊದಲ ಕೇಳಿತ್ತು, ಅದಕ್ಕೇನಂತೀ?’ ಎಂದರು. ವಾದ ಮತ್ತೆ ಶುರುವಾಯಿತು.